ಕಾಪಿಯಿಂಗ್ ಸೆಕ್ಷನ್ ಅಲ್ಲ ಮಾವಾ: ಅಮೆರಿಕದ ರಾಜ್ಯ ನ್ಯಾಯಾಲಯಗಳಲ್ಲಿ ಲಾ ಕ್ಲರ್ಕ್ ಕೆಲಸ ಹುಡುಕುವ ಬಗೆ

ನ್ಯೂಜೆರ್ಸಿಯ ಒಂದು ಕೌಂಟಿ ಕೋರ್ಟಿನಲ್ಲಿ ಲಾ ಕ್ಲರ್ಕ್ ಕೆಲಸ ಸಿಕ್ಕಿತು ಅಂತ ಹಾಸನಕ್ಕೆ ಫೋನ್ ಮಾಡಿ ಹೇಳಿದಾಗ ನಮ್ಮ ಮಾವನವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅವರು ಜಿಲ್ಲಾ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಆಮೇಲೆ ಮೆಲ್ಲಗೆ ಕೇಳಿದರು: "ಯಾವ ಸೆಕ್ಷನ್ನಮ್ಮಾ? ಕಾಪಿಯಿಂಗ್ ಸೆಕ್ಷನ್ನೋ, ರೆಕಾರ್ಡ್ ರೂಮೋ?" ಮೂರು ವರ್ಷ ಸಾಲ ಮಾಡಿ ಲಾ ಓದಿದ ಸೊಸೆ ಕೊನೆಗೆ ಗುಮಾಸ್ತಿಕೆಗೆ ಸೇರಿದಳಲ್ಲ ಎಂಬ ಸಂಕಟ ಅವರ ದನಿಯಲ್ಲಿತ್ತು.

ಅದು ಅವರ ತಪ್ಪಲ್ಲ, ಹೆಸರಿನ ತಪ್ಪು. ಇಲ್ಲಿ ಲಾ ಕ್ಲರ್ಕ್ ಅಂದರೆ ನ್ಯಾಯಾಧೀಶರ ಪಕ್ಕದ ಕೋಣೆಯಲ್ಲಿ ಕೂತು ಅವರಿಗಾಗಿ ಕಾನೂನು ಹುಡುಕಿ, ಎರಡೂ ಕಡೆಯ ವಕೀಲರ ಕಾಗದ ಓದಿ, ಟಿಪ್ಪಣಿ ಬರೆದು, ಎಷ್ಟೋ ಸಲ ಆದೇಶದ ಮೊದಲ ಕರಡನ್ನೂ ತಯಾರಿಸುವ ಕಾನೂನು ಪದವೀಧರ. ಸಾಮಾನ್ಯವಾಗಿ ಒಂದು ವರ್ಷದ ಕೆಲಸ, ಕೆಲವು ಕಡೆ ಎರಡು ವರ್ಷ. ಈ ಪದ್ಧತಿ ಶುರುವಾದದ್ದೇ ಒಂದು ರಾಜ್ಯ ನ್ಯಾಯಾಲಯದಲ್ಲಿ. ಮ್ಯಾಸಚೂಸೆಟ್ಸ್ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಹೊರೇಸ್ ಗ್ರೇ 1870ರ ದಶಕದಲ್ಲಿ ಹಾರ್ವರ್ಡ್‌ನಿಂದ ಆಗಷ್ಟೇ ಪಾಸಾದ ಹುಡುಗರನ್ನು ತಮ್ಮ ಜೇಬಿನಿಂದ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರು. ಹಾಗೆ 1879ರಲ್ಲಿ ಅವರ ಬಳಿ ಸೇರಿದ ಒಬ್ಬ ಹುಡುಗ ಲೂಯಿ ಬ್ರ್ಯಾಂಡೈಸ್. ಮುಂದೆ ಆತ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ. ಈ ಕಥೆ ಹೇಳಿದ ಮೇಲೆಯೇ ಮಾವನವರಿಗೆ ಸ್ವಲ್ಪ ಸಮಾಧಾನವಾದದ್ದು.

ಈಗ ನಮ್ಮ ಕನ್ನಡ ಕೂಟದ ಮಕ್ಕಳು, ಬೆಂಗಳೂರಿನಿಂದ ಎಲ್‌ಎಲ್‌ಎಂಗೆ (ಕಾನೂನಿನ ಸ್ನಾತಕೋತ್ತರ ಪದವಿಗೆ) ಬಂದವರು, ಅವರ ಅಪ್ಪ ಅಮ್ಮಂದಿರು ವರ್ಷವಿಡೀ ಒಂದೇ ಪ್ರಶ್ನೆ ಕೇಳುತ್ತಾರೆ: ಈ ಕೆಲಸಕ್ಕೆ ಅರ್ಜಿ ಎಲ್ಲಿ ಹಾಕುವುದು? ಉತ್ತರ ಕಷ್ಟವಿರುವುದು ಏಕೆಂದರೆ ಅಂಥ ಒಂದು ಜಾಗವೇ ಇಲ್ಲ. ಫೆಡರಲ್ ನ್ಯಾಯಾಧೀಶರಿಗೆ ಅರ್ಜಿ ಹಾಕಲು ಆಸ್ಕರ್ ಎಂಬ ಜಾಲತಾಣವಿದೆ, ಅರ್ಜಿ ಯಾವಾಗ ಹಾಕಬೇಕು ಎನ್ನುವುದಕ್ಕೂ ಬಹಳಷ್ಟು ಫೆಡರಲ್ ನ್ಯಾಯಾಧೀಶರು ಒಪ್ಪಿಕೊಂಡ ವೇಳಾಪಟ್ಟಿಯಿದೆ. ರಾಜ್ಯ ನ್ಯಾಯಾಲಯಗಳಲ್ಲಿ ಐವತ್ತು ರಾಜ್ಯಕ್ಕೆ ಐವತ್ತು ರೀತಿ. ಎಷ್ಟೋ ರಾಜ್ಯಗಳಲ್ಲಿ ಒಬ್ಬೊಬ್ಬ ಜಡ್ಜ್‌ಗೂ ಒಂದೊಂದು ರೀತಿ. ಈ ಗೊಂದಲವನ್ನು ಶಾಪ ಅಂದುಕೊಂಡು ಹೆಚ್ಚಿನವರು ಆಸ್ಕರ್‌ನಲ್ಲೇ ಸುತ್ತಾಡಿ ಸುಸ್ತಾಗುತ್ತಾರೆ. ನನ್ನ ಮಟ್ಟಿಗೆ ಅದು ವರ. ತಾಳ್ಮೆಯಿಂದ ಬಾಗಿಲು ಬಾಗಿಲು ತಟ್ಟುವವರಿಗೆ ಇಲ್ಲಿ ಪೈಪೋಟಿ ಕಡಿಮೆ. ಈ ದೇಶದ ಮೊಕದ್ದಮೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಡೆಯುವುದು ರಾಜ್ಯ ನ್ಯಾಯಾಲಯಗಳಲ್ಲೇ.

ಮೊದಲ ಹೆಜ್ಜೆ: ಕೋರ್ಟಿನ ಹೆಸರು ನೋಡಿ ಮೋಸ ಹೋಗಬೇಡಿ

ಹುಡುಕಾಟ ಶುರು ಮಾಡುವ ಮುಂಚೆ ನಿಮಗೆ ಬೇಕಾದ ರಾಜ್ಯದ ನ್ಯಾಯಾಲಯಗಳ ಏಣಿಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಕೆಳಗೆ ವಿಚಾರಣಾ ನ್ಯಾಯಾಲಯ, ನಡುವೆ ಮೇಲ್ಮನವಿ ನ್ಯಾಯಾಲಯ, ಮೇಲೆ ರಾಜ್ಯದ ಅತ್ಯುನ್ನತ ನ್ಯಾಯಾಲಯ. ಇಷ್ಟು ಸರಳ. ಹೆಸರುಗಳು ಮಾತ್ರ ಸರಳವಲ್ಲ.

ನ್ಯೂಯಾರ್ಕ್‌ನಲ್ಲಿ ಸುಪ್ರೀಂ ಕೋರ್ಟ್ ಅಂದರೆ ಕೆಳಗಿನ ವಿಚಾರಣಾ ನ್ಯಾಯಾಲಯ. ಅಲ್ಲಿನ ಅತ್ಯುನ್ನತ ಪೀಠದ ಹೆಸರು ಕೋರ್ಟ್ ಆಫ್ ಅಪೀಲ್ಸ್. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ವಿಚಾರಣೆ ನಡೆಯುವುದು ಸುಪೀರಿಯರ್ ಕೋರ್ಟಿನಲ್ಲಿ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಸುಪೀರಿಯರ್ ಕೋರ್ಟ್ ಮೇಲ್ಮನವಿ ಕೇಳುತ್ತದೆ, ವಿಚಾರಣೆಗೆ ಕೋರ್ಟ್ ಆಫ್ ಕಾಮನ್ ಪ್ಲೀಸ್ ಇದೆ. ಟೆಕ್ಸಾಸ್ ಮತ್ತು ಒಕ್ಲಹೋಮಗಳಲ್ಲಿ ತುದಿಯಲ್ಲಿ ಎರಡು ನ್ಯಾಯಾಲಯ: ಸಿವಿಲ್‌ಗೆ ಸುಪ್ರೀಂ ಕೋರ್ಟ್, ಕ್ರಿಮಿನಲ್‌ಗೆ ಕೋರ್ಟ್ ಆಫ್ ಕ್ರಿಮಿನಲ್ ಅಪೀಲ್ಸ್. ಮೇರಿಲ್ಯಾಂಡ್ ಅಂತೂ 2022ರ ಡಿಸೆಂಬರ್‌ನಲ್ಲಿ ತನ್ನ ಮೇಲಿನ ಎರಡು ನ್ಯಾಯಾಲಯಗಳ ಹೆಸರನ್ನೇ ಬದಲಾಯಿಸಿಕೊಂಡಿತು. ಹಳೆಯ ಪಟ್ಟಿ ನೋಡಿ ಹಳೆಯ ಹೆಸರಿಗೆ ಪತ್ರ ಬರೆದರೆ, ನಿಮ್ಮ ಸಂಶೋಧನೆ ಎಷ್ಟು ಹಳಸಿದ್ದು ಎಂಬುದು ಲಕೋಟೆಯ ಮೇಲೇ ಗೊತ್ತಾಗುತ್ತದೆ.

ಏಣಿ ಬರೆದ ಮೇಲೆ ನಿಮಗೇನು ಬೇಕು ಅಂತ ಕೇಳಿಕೊಳ್ಳಿ. ಮೇಲ್ಮನವಿ ನ್ಯಾಯಾಲಯದಲ್ಲಿ ಓದು, ಬರಹ, ಮೌನ. ವಿಚಾರಣಾ ನ್ಯಾಯಾಲಯದಲ್ಲಿ ಸಂತೆ. ನಾನು ಸಂತೆಯ ಪಕ್ಷ. ನ್ಯೂಜೆರ್ಸಿಯ ಸಿವಿಲ್ ವಿಭಾಗದಲ್ಲಿ ಎರಡು ವಾರಕ್ಕೊಂದು ಶುಕ್ರವಾರ ಮೋಷನ್‌ಗಳ, ಅಂದರೆ ಮೊಕದ್ದಮೆಯಲ್ಲಿ ವಕೀಲರು ಹಾಕುವ ಅರ್ಜಿಗಳ, ದಿನ. ಅದಕ್ಕೆ ಮುಂಚಿನ ದಿನಗಳಲ್ಲಿ ರಾಶಿ ಕಡತ ಓದಿ, ಇದು ಬಿದ್ದುಹೋಗುತ್ತದೆ, ಇದು ನಿಲ್ಲುತ್ತದೆ ಅಂತ ಜಡ್ಜ್ ಎದುರು ವಾದಿಸಬೇಕು. ಇಲ್ಲಿನ ಲಾ ಕ್ಲರ್ಕ್‌ಗಳಿಗೆ ಮಧ್ಯಸ್ಥಿಕೆಯ ತರಬೇತಿ ಕೊಟ್ಟು ಸ್ಮಾಲ್ ಕ್ಲೇಮ್ಸ್ ಅನ್ನುವ ಸಣ್ಣ ಮೊತ್ತದ ಜಗಳಗಳನ್ನು ಬಗೆಹರಿಸಲೂ ಕೂರಿಸುತ್ತಾರೆ. ಬಾಡಿಗೆ ಮುಂಗಡ ವಾಪಸ್ ಕೊಡದ ಮನೆ ಮಾಲೀಕ, ಅರ್ಧಕ್ಕೆ ಕೆಲಸ ಬಿಟ್ಟು ಹೋದ ಪ್ಲಂಬರ್, ಇಬ್ಬರನ್ನೂ ಒಂದೇ ಮೇಜಿನ ಎದುರು ಕೂರಿಸಿ ರಾಜಿ ಮಾಡಿಸಿದ ಅನುಭವ ನನಗೆ ಬೇರೆ ಯಾವ ಕೆಲಸದಲ್ಲೂ ಸಿಗುತ್ತಿರಲಿಲ್ಲ. ಕಂಪನಿ ಕಾನೂನೇ ಜೀವನ ಅನ್ನುವವರು ಡೆಲವೇರ್‌ನ ಕೋರ್ಟ್ ಆಫ್ ಚಾನ್ಸರಿ ನೋಡಬೇಕು. ಅಮೆರಿಕದ ಅತಿ ದೊಡ್ಡ ಕಂಪನಿಗಳ ಫಾರ್ಚೂನ್ 500 ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಕಂಪನಿಗಳು ನೋಂದಣಿಯಾಗಿರುವುದು ಆ ಪುಟ್ಟ ರಾಜ್ಯದಲ್ಲಿ. ಜ್ಯೂರಿ ಇಲ್ಲದ ಆ ನ್ಯಾಯಾಲಯದಲ್ಲಿ ಕ್ಲರ್ಕ್ ಆದವರನ್ನು ದೊಡ್ಡ ಲಾ ಫರ್ಮ್‌ಗಳು ಕರೆದು ಕೆಲಸ ಕೊಡುತ್ತವೆ. ಪೈಪೋಟಿಯೂ ಹಾಗೇ ಇದೆ.

ಎರಡನೆಯದು: ಆಯ್ಕೆ ಮಾಡುವವರು ಯಾರು?

ಇದು ಗೊತ್ತಾಗದೆ ಅರ್ಜಿ ಬರೆಯಬೇಡಿ. ಸ್ಥೂಲವಾಗಿ ಮೂರು ವ್ಯವಸ್ಥೆಗಳಿವೆ. ಒಂದರಲ್ಲಿ ಪ್ರತಿ ಜಡ್ಜ್ ತನ್ನ ಕ್ಲರ್ಕನ್ನು ತಾನೇ ಆರಿಸಿಕೊಳ್ಳುತ್ತಾರೆ. ನ್ಯೂಜೆರ್ಸಿ ಹೀಗೆ, ಇಲ್ಲಿ ವಿಚಾರಣಾ ನ್ಯಾಯಾಧೀಶರಿಗೂ ಒಬ್ಬೊಬ್ಬ ಕ್ಲರ್ಕ್ ಇರುವುದರಿಂದ ಪ್ರತಿ ವರ್ಷ ನೂರಾರು ಹುದ್ದೆ ಖಾಲಿಯಾಗುತ್ತವೆ. ಮಿನ್ನೆಸೋಟ, ಅಲಾಸ್ಕ, ಹವಾಯಿಗಳಲ್ಲೂ ವಿಚಾರಣಾ ಹಂತದಲ್ಲಿ ಕ್ಲರ್ಕ್‌ಗಳಿದ್ದಾರೆ. ಅಲಾಸ್ಕದ ಚಳಿಗೆ ಹೆದರದವರಿಗೆ ಅಲ್ಲಿ ಹೊರ ರಾಜ್ಯದವರೆಂಬ ಅಡ್ಡಿ ಅಷ್ಟಾಗಿ ಇಲ್ಲ.

ಎರಡನೆಯ ವ್ಯವಸ್ಥೆಯಲ್ಲಿ ನ್ಯಾಯಾಲಯವೇ ಒಟ್ಟಾಗಿ ಆರಿಸಿ, ಆಮೇಲೆ ಕ್ಲರ್ಕ್‌ಗಳನ್ನು ನ್ಯಾಯಾಧೀಶರಿಗೆ ಹಂಚುತ್ತದೆ. ಮ್ಯಾಸಚೂಸೆಟ್ಸ್‌ನ ಸುಪೀರಿಯರ್ ಕೋರ್ಟ್ ಇದಕ್ಕೆ ಉದಾಹರಣೆ. ಇಲ್ಲಿ ಜಡ್ಜ್‌ಗಳಿಗೆ ಬಿಡಿಬಿಡಿಯಾಗಿ ಪತ್ರ ಬರೆದರೆ ಅಂಚೆ ಖರ್ಚು ದಂಡ.

ಮೂರನೆಯದರಲ್ಲಿ ಕಾಯಂ ವಕೀಲರು ಕೆಲಸ ಮಾಡುತ್ತಾರೆ. ಕ್ಯಾಲಿಫೋರ್ನಿಯಾದ ಮೇಲಿನ ನ್ಯಾಯಾಲಯಗಳಲ್ಲಿ ಚೇಂಬರಿನ, ಅಂದರೆ ನ್ಯಾಯಾಧೀಶರ ಕಚೇರಿಯ, ಹೆಚ್ಚಿನ ಕೆಲಸ ವರ್ಷಗಟ್ಟಲೆ ಅಲ್ಲೇ ಇರುವ ಅಟಾರ್ನಿಗಳದು. ಹೊಸಬರಿಗೆ ಒಂದು ವರ್ಷದ ಜಾಗಗಳು ಅಲ್ಲಿ ಕಡಿಮೆ. ಸ್ಯಾನ್ ಹೋಸೆಯಲ್ಲಿ ಮನೆ ಇರುವ ನಮ್ಮವರಿಗೆ ಇದು ಬೇಸರದ ಸುದ್ದಿ, ಆದರೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಮೂರನೆಯದು: ಜಾಹೀರಾತು ಎಲ್ಲಿರುತ್ತದೆ

ಇಲ್ಲಿ ಸ್ವಲ್ಪ ನಿಂತು ಓದಿ. ಸಮಯ ಹಾಳಾಗುವುದು ಇಲ್ಲೇ.

ಮೊದಲು ನಿಮ್ಮ ಲಾ ಸ್ಕೂಲಿನ ಕೆರಿಯರ್ ಆಫೀಸಿಗೆ ಹೋಗಿ, ವರ್ಮಾಂಟ್ ಲಾ ಅಂಡ್ ಗ್ರ್ಯಾಜುಯೇಟ್ ಸ್ಕೂಲ್ ಹೊರತರುವ ರಾಜ್ಯ ಕ್ಲರ್ಕ್‌ಶಿಪ್ ಮಾರ್ಗದರ್ಶಿಯ ಪಾಸ್‌ವರ್ಡ್ ಕೇಳಿ. ರಾಜ್ಯದಿಂದ ರಾಜ್ಯಕ್ಕೆ ಯಾವ ನ್ಯಾಯಾಲಯ ಕ್ಲರ್ಕ್‌ಗಳನ್ನು ತೆಗೆದುಕೊಳ್ಳುತ್ತದೆ, ಅರ್ಜಿ ಯಾವಾಗ, ಯಾವ ಕಾಗದ, ಎಷ್ಟು ಅವಧಿ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಚಂದಾ ಕಟ್ಟಿದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಮಾತ್ರ ಅದು ತೆರೆಯುತ್ತದೆ. ಓದು ಮುಗಿಸಿ ಹೋದವರೂ ಹಳೆಯ ಕಾಲೇಜಿಗೆ ಒಂದು ಇಮೇಲ್ ಹಾಕಿ ಕೇಳಬಹುದು, ನಾಚಿಕೆ ಬೇಡ.

ಆಮೇಲೆ ಆ ರಾಜ್ಯದ ನ್ಯಾಯಾಂಗದ ಸ್ವಂತ ಜಾಲತಾಣ. ಅಲ್ಲಿ ಎರಡು ಕಡೆ ನೋಡಬೇಕು. ಉದ್ಯೋಗಗಳ ಸಾಮಾನ್ಯ ಪುಟ ಒಂದು. ಲಾ ಕ್ಲರ್ಕ್‌ಗಳಿಗೆಂದೇ ಪ್ರತ್ಯೇಕ ಪುಟ ಇನ್ನೊಂದು, ಅದು ಎಷ್ಟೋ ಸಲ ಮೂಲೆಯಲ್ಲಿ ಅವಿತಿರುತ್ತದೆ. ಕೆಲವು ರಾಜ್ಯ, ಕೌಂಟಿಗಳು ಗವರ್ನಮೆಂಟ್‌ಜಾಬ್ಸ್ ಎಂಬ ಸರ್ಕಾರಿ ಉದ್ಯೋಗಗಳ ತಾಣದಲ್ಲೂ ಹಾಕುತ್ತವೆ. ಹುಡುಕುವಾಗ ಒಂದೇ ಪದ ನಂಬಬೇಡಿ. ಲಾ ಕ್ಲರ್ಕ್, ಜುಡಿಶಿಯಲ್ ಕ್ಲರ್ಕ್, ಟರ್ಮ್ ಕ್ಲರ್ಕ್, ಸ್ಟಾಫ್ ಅಟಾರ್ನಿ, ರಿಸರ್ಚ್ ಅಟಾರ್ನಿ, ಎಲ್ಲವನ್ನೂ ಹಾಕಿ ನೋಡಿ. ಆದರೆ ಕೋರ್ಟ್ ಕ್ಲರ್ಕ್, ಡೆಪ್ಯುಟಿ ಕ್ಲರ್ಕ್ ಅಂತ ಬಂದರೆ ಅದು ನಿಜಕ್ಕೂ ಕಡತ ಸ್ವೀಕರಿಸಿ ಮೊಹರು ಹಾಕುವ ಕೆಲಸ. ಮಾವನವರು ಅಂದುಕೊಂಡಿದ್ದ ಕೆಲಸ ಅದೇ.

ಜಾಹೀರಾತು ಇಲ್ಲ ಅಂದರೆ ಹುದ್ದೆ ಇಲ್ಲ ಅಂತಲ್ಲ. ಪೆನ್ಸಿಲ್ವೇನಿಯಾದಂಥ ಕಡೆ ಕೌಂಟಿ ನ್ಯಾಯಾಧೀಶರು ಜಾಹೀರಾತನ್ನೇ ಕೊಡದೆ, ಬಂದ ಪತ್ರಗಳಲ್ಲಿ ಒಂದನ್ನು ಎತ್ತಿಕೊಂಡು ಫೋನ್ ಮಾಡುವುದುಂಟು. ಚೇಂಬರಿಗೆ ಫೋನ್ ಮಾಡಿ, "ಮುಂದಿನ ವರ್ಷಕ್ಕೆ ನ್ಯಾಯಾಧೀಶರು ಕ್ಲರ್ಕ್ ತೆಗೆದುಕೊಳ್ಳುತ್ತಿದ್ದಾರೆಯೇ, ಅರ್ಜಿ ಇಮೇಲ್‌ನಲ್ಲಿ ಕಳಿಸಬೇಕೋ ಅಂಚೆಯಲ್ಲೋ?" ಅಂತ ಎರಡು ವಾಕ್ಯ ಕೇಳಿ. ಅಷ್ಟೇ. ಉತ್ತರವನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ: ಜಡ್ಜ್ ಹೆಸರು, ಕೋರ್ಟ್, ಕಳಿಸಿದ ದಿನ, ಕಳಿಸುವ ವಿಧಾನ, ಬಂದ ಉತ್ತರ. ಮೂವತ್ತು ಅರ್ಜಿ ದಾಟಿದ ಮೇಲೆ ತಲೆಯಲ್ಲಿ ಏನೂ ನಿಲ್ಲುವುದಿಲ್ಲ.

ಇನ್ನೊಂದು ಬಾಗಿಲಿದೆ, ಹೆಚ್ಚಿನವರು ತಟ್ಟುವುದಿಲ್ಲ: ಹೊಸ ಜಡ್ಜ್‌ಗಳು. ಗವರ್ನರ್ ಯಾರನ್ನು ನಾಮನಿರ್ದೇಶನ ಮಾಡಿದರು, ಸೆನೆಟ್ ಯಾರನ್ನು ಒಪ್ಪಿತು, ಚುನಾವಣೆಯಲ್ಲಿ ಯಾರು ಗೆದ್ದರು ಎಂಬ ಸುದ್ದಿ ಗಮನಿಸುತ್ತಿರಿ. ಹೊಸದಾಗಿ ಪೀಠ ಏರಿದವರಿಗೆ ತಕ್ಷಣ ಕ್ಲರ್ಕ್ ಬೇಕು, ಕೈಯಲ್ಲಿ ಅರ್ಜಿಗಳ ಕಂತೆ ಇರುವುದಿಲ್ಲ. ಪ್ರಮಾಣವಚನದ ವಾರವೇ ಬಂದ ಒಂದು ಒಳ್ಳೆಯ ಪತ್ರಕ್ಕೆ ಮಾಮೂಲಿ ದಿನಗಳ ನೂರು ಪತ್ರಗಳ ತೂಕ.

ಅದೇ ಸುದ್ದಿಯ ಇನ್ನೊಂದು ಮುಖವನ್ನೂ ನೋಡಿ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ಗಳಲ್ಲಿ ನ್ಯಾಯಾಧೀಶರು 70ಕ್ಕೆ ನಿವೃತ್ತರಾಗಲೇಬೇಕು, ಪೆನ್ಸಿಲ್ವೇನಿಯಾದಲ್ಲಿ 75ಕ್ಕೆ. ಚುನಾಯಿತ ನ್ಯಾಯಾಧೀಶರಾದರೆ ಮರುಚುನಾವಣೆಯ ವರ್ಷ ಯಾವುದು ಅಂತ ತಿಳಿದುಕೊಳ್ಳಿ. ನೀವು ಕೆಲಸಕ್ಕೆ ಸೇರುವ ಸೆಪ್ಟೆಂಬರ್‌ಗೆ ಆ ಚೇಂಬರ್ ಇರುತ್ತದೆಯೇ ಎನ್ನುವುದು ಸಣ್ಣ ಪ್ರಶ್ನೆಯಲ್ಲ. ಜಡ್ಜ್‌ಗಳ ಹಿನ್ನೆಲೆಗೆ ಬ್ಯಾಲಟ್‌ಪೀಡಿಯ ಎಂಬ ಜಾಲತಾಣ ಮತ್ತು ನ್ಯಾಯಾಲಯದ ತಾಣದಲ್ಲಿರುವ ಪರಿಚಯ ಸಾಕು. ಮೇಲಿನ ನ್ಯಾಯಾಲಯವಾದರೆ ಅವರು ಬರೆದ ಎರಡು ಮೂರು ತೀರ್ಪು ಓದಿ. ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ವಾದಗಳನ್ನು ಅಂತರ್ಜಾಲದಲ್ಲೇ ಪ್ರಸಾರ ಮಾಡುತ್ತದೆ. ಯಾವ ನ್ಯಾಯಮೂರ್ತಿ ಹೇಗೆ ಪ್ರಶ್ನೆ ಕೇಳುತ್ತಾರೆ ಎಂದು ಮನೆಯಲ್ಲೇ ಕೂತು ನೋಡಬಹುದು.

ನಾಲ್ಕನೆಯದು: ಯಾವಾಗ

ಏಣಿಯ ಮೇಲಕ್ಕೆ ಹೋದಷ್ಟೂ ಬೇಗ. ರಾಜ್ಯದ ಅತ್ಯುನ್ನತ ನ್ಯಾಯಾಲಯಗಳು ಮೂರು ವರ್ಷದ ಲಾ ಓದಿನ ಎರಡನೆಯ ವರ್ಷದಲ್ಲೋ ಅದರ ಬೇಸಿಗೆಯಲ್ಲೋ ಆರಿಸಿ ಮುಗಿಸಿರುತ್ತವೆ. ವಿಚಾರಣಾ ನ್ಯಾಯಾಲಯಗಳ ಭರಾಟೆ ಮೂರನೆಯ ವರ್ಷದ ಶುರುವಿನಿಂದ. ಪದವಿ ಪಡೆದ ಮೇಲೂ, ಆಗಸ್ಟ್ ಹತ್ತಿರ ಬಂದಾಗಲೂ, ಯಾರೋ ಕೈಕೊಟ್ಟು ಹೋದ ಜಾಗಗಳು ಸಿಗುತ್ತವೆ. ನನ್ನದು ಅಂಥದ್ದೇ, ಜೂನ್‌ನಲ್ಲಿ ಸಿಕ್ಕಿತು. ಹಾಗಂತ ಜೂನ್‌ವರೆಗೆ ಕಾಯಬೇಡಿ, ಆ ಏಪ್ರಿಲ್ ಮೇ ತಿಂಗಳುಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಐದನೆಯದು: ಕಾಗದಪತ್ರ

ಪತ್ರ, ರೆಸ್ಯೂಮೆ, ಅಂಕಪಟ್ಟಿ, ಬರವಣಿಗೆಯ ಮಾದರಿ, ಎರಡು ಮೂರು ಶಿಫಾರಸು ಪತ್ರ. ಎಲ್ಲ ಕಡೆ ಹೆಚ್ಚು ಕಡಿಮೆ ಇಷ್ಟೇ.

ಪತ್ರ ಒಂದು ಪುಟ ದಾಟಬಾರದು. ಅದರಲ್ಲಿ ಇರಲೇಬೇಕಾದ ವಾಕ್ಯ, ಈ ಊರಿಗೇ ಯಾಕೆ ಬರುತ್ತೀರಿ ಎಂಬುದು. ಕೌಂಟಿಯ ಜಡ್ಜ್‌ಗೆ ನಿಮ್ಮ ಕಾಲೇಜಿನ ಹೆಸರಿಗಿಂತ ಇದು ಮುಖ್ಯ. ಮಗ ಎಡಿಸನ್‌ನಲ್ಲಿ ಶಾಲೆಗೆ ಹೋಗುತ್ತಾನೆ, ಇಲ್ಲೇ ವಕೀಲಿ ಮಾಡುವ ಯೋಚನೆಯಿದೆ ಅಂತ ನಾನು ಬರೆದ ಒಂದು ಸಾಲನ್ನೇ ಹಿಡಿದು ನಮ್ಮ ಜಡ್ಜ್ ಸಂದರ್ಶನದಲ್ಲಿ ಹತ್ತು ನಿಮಿಷ ಮಾತಾಡಿದರು. ಬರವಣಿಗೆಯ ಮಾದರಿ ಹತ್ತು ಪುಟದ ಆಸುಪಾಸು ಇರಲಿ, ನೀವೇ ಬರೆದದ್ದಿರಲಿ. ಪ್ರೊಫೆಸರ್ ಅರ್ಧ ತಿದ್ದಿದ್ದು ಬೇಡ. ಕೆಲಸ ಮಾಡಿದ ಕಚೇರಿಯ ಟಿಪ್ಪಣಿಯಾದರೆ ಅವರ ಅನುಮತಿ ಪಡೆದು, ಕಕ್ಷಿದಾರರ ಹೆಸರು ಮುಚ್ಚಿ ಕಳಿಸಿ. ಹೆಸರು ಮುಚ್ಚದೆ ಕಳಿಸಿದವರನ್ನು ಗುಟ್ಟು ಕಾಯುವ ಕೆಲಸಕ್ಕೆ ಯಾರು ತೆಗೆದುಕೊಳ್ಳುತ್ತಾರೆ?

ಲಕೋಟೆಯ ಮೇಲೆ ಹೆಸರಿಗೆ ಮುಂಚೆ ದಿ ಆನರಬಲ್ ಇರಬೇಕು. ಸಂಬೋಧನೆ ವಿಚಾರಣಾ ನ್ಯಾಯಾಲಯದವರಿಗೆ ಡಿಯರ್ ಜಡ್ಜ್, ಅತ್ಯುನ್ನತ ನ್ಯಾಯಾಲಯದವರಿಗೆ ಡಿಯರ್ ಜಸ್ಟಿಸ್. ನ್ಯೂಯಾರ್ಕ್‌ನಲ್ಲಿ ಇದೂ ತಲೆಕೆಳಗು: ಕೆಳಗಿನ ಸುಪ್ರೀಂ ಕೋರ್ಟಿನವರು ಜಸ್ಟಿಸ್, ಮೇಲಿನ ಕೋರ್ಟ್ ಆಫ್ ಅಪೀಲ್ಸ್‌ನವರು ಜಡ್ಜ್. ಇನ್ನು ಹೆಸರು. ನಾನು ಒಂದೇ ಸಂಜೆ ಹದಿನೆಂಟು ಪತ್ರ ಕಳಿಸಿ, ಒಬ್ಬರ ಪತ್ರದಲ್ಲಿ ಇನ್ನೊಬ್ಬರ ಹೆಸರು ಉಳಿಸಿಬಿಟ್ಟಿದ್ದೆ. ಮರುದಿನ ಆ ಚೇಂಬರಿನಿಂದ ತುಂಬಾ ವಿನಯದ ಇಮೇಲ್ ಬಂತು: ನೀವು ಕೇಳಿದ ನ್ಯಾಯಾಧೀಶರು ಮೂರನೇ ಮಹಡಿಯಲ್ಲಿದ್ದಾರೆ, ನಾವು ಎರಡನೆಯದು. ಅಂದಿನಿಂದ ದಿನಕ್ಕೆ ಐದೇ ಪತ್ರ, ಕಳಿಸುವ ಮುಂಚೆ ಬಾಯಿಬಿಟ್ಟು ಓದುವುದು.

ಕರ್ನಾಟಕ ಹೈಕೋರ್ಟಿನಲ್ಲಿ ಲಾ ಕ್ಲರ್ಕ್ ಕಮ್ ರಿಸರ್ಚ್ ಅಸಿಸ್ಟೆಂಟ್ ಆಗಿದ್ದು ಇಲ್ಲಿಗೆ ಬಂದವರು ರೆಸ್ಯೂಮೆಯಲ್ಲಿ ಅದನ್ನು ಒಂದು ಸಾಲಿನಲ್ಲಿ ಹಾಕಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಬೆಂಗಳೂರಾಗಲಿ, ಧಾರವಾಡ, ಕಲಬುರಗಿ ಪೀಠವಾಗಲಿ, ಅದು ಒಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ, ನೀವು ಮಾಡಿದ್ದು ನ್ಯಾಯಮೂರ್ತಿಗಳ ಸಂಶೋಧನೆ ಅಂತ ಬಿಡಿಸಿ ಬರೆಯಿರಿ. ಹೈಕೋರ್ಟ್ ಅಂದರೆ ಏನೆಂದು ಟ್ರೆಂಟನ್‌ನ ಜಡ್ಜ್‌ಗೆ ತಿಳಿದಿರಬೇಕೆಂದೇನೂ ಇಲ್ಲ.

ವೀಸಾ

ಮನೆಮನೆಯಲ್ಲೂ ಕೇಳುವುದು ಇದನ್ನೇ. ಫೆಡರಲ್ ನ್ಯಾಯಾಲಯಗಳಲ್ಲಿ ವಿದೇಶೀಯರಿಗೆ ಸಂಬಳ ಕೊಡುವುದಕ್ಕೆ ಸಂಸತ್ತಿನ ಕಾನೂನಿನ ನಿರ್ಬಂಧವಿದೆ; ವೀಸಾದ ಮೇಲಿರುವ ಭಾರತೀಯರಿಗೆ ಆ ಬಾಗಿಲು ಬಹುಪಾಲು ಮುಚ್ಚಿದ್ದೇ. ರಾಜ್ಯ ನ್ಯಾಯಾಲಯಗಳಿಗೆ ಆ ನಿರ್ಬಂಧ ಅನ್ವಯಿಸುವುದಿಲ್ಲ, ಆಯಾ ರಾಜ್ಯದ ನಿಯಮವೇ ನಿಯಮ. ಎಷ್ಟೋ ಕಡೆ ಕೆಲಸ ಮಾಡಲು ಅನುಮತಿ ಇದ್ದರೆ ಸಾಕು. 2015ರಿಂದ ಎಚ್-4 ವೀಸಾದ (ಎಚ್-1ಬಿ ಉದ್ಯೋಗ ವೀಸಾದವರ ಗಂಡ ಹೆಂಡತಿಗೆ ಸಿಗುವಂಥದ್ದು) ಕೆಲವರಿಗೆ ಕೆಲಸದ ಅನುಮತಿ ಪತ್ರ ಸಿಗುತ್ತಿದೆಯಲ್ಲ, ನಾನು ಸೇರಿದ್ದು ಅದರ ಬಲದಲ್ಲಿ. ವಿದ್ಯಾರ್ಥಿ ವೀಸಾದವರಿಗೆ ಓದು ಮುಗಿದ ಮೇಲೆ ಸಿಗುವ ಒಪಿಟಿ ಎಂಬ ಕೆಲಸದ ಅನುಮತಿ ಹನ್ನೆರಡು ತಿಂಗಳು, ಕ್ಲರ್ಕ್ ಅವಧಿಯೂ ಹನ್ನೆರಡು ತಿಂಗಳು. ಹೊಂದಿಸಿದರೆ ಸರಿಯಾಗಿ ಕೂರುತ್ತದೆ, ಆದರೆ ಒಪಿಟಿ ಶುರುವಾಗುವ ದಿನವನ್ನು ಮೊದಲೇ ಲೆಕ್ಕ ಹಾಕಿ. ಮೇ ಕೊನೆಗೆ ಶುರು ಮಾಡಿಬಿಟ್ಟು ಸೆಪ್ಟೆಂಬರ್‌ಗೆ ಕಾದರೆ, ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿ ಇರಬಾರದೆಂಬ ನಿಯಮ ಕುತ್ತಿಗೆಗೆ ಬರುತ್ತದೆ. ನ್ಯಾಯಾಲಯದವರು ಎಚ್-1ಬಿ ಕೊಡಿಸುತ್ತಾರೆ ಎಂಬ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಎಲ್‌ಎಲ್‌ಎಂ ಮಾತ್ರ ಮಾಡಿದವರಿಗೆ ಒಂದು ಕಹಿ ಮಾತು: ಹಲವು ನ್ಯಾಯಾಲಯಗಳು ಇಲ್ಲಿನ ಮಾನ್ಯತೆ ಪಡೆದ ಕಾಲೇಜಿನ ಮೂರು ವರ್ಷದ ಜೆ.ಡಿ. ಕಾನೂನು ಪದವಿಯನ್ನೇ ಕೇಳುತ್ತವೆ. ಅರ್ಜಿ ಹಾಕುವ ಮುಂಚೆ ಅರ್ಹತೆಯ ಸಾಲನ್ನು ಎರಡು ಸಲ ಓದಿ. ಓದುತ್ತಿರುವಾಗಲೇ ಒಬ್ಬ ಜಡ್ಜ್ ಬಳಿ ಎಕ್ಸ್‌ಟರ್ನ್‌ಶಿಪ್ (ಕೆಲಸ ಕಲಿಯುವ ತರಬೇತಿ) ಮಾಡುವುದು ಅಂಥವರಿಗೆ ಒಳ್ಳೆಯ ದಾರಿ, ಅದಕ್ಕೆ ಸಾಮಾನ್ಯವಾಗಿ ಸಂಬಳವಿಲ್ಲ, ಕ್ರೆಡಿಟ್ ಸಿಗುತ್ತದೆ. ಆ ಜಡ್ಜ್ ಬರೆಯುವ ಶಿಫಾರಸಿನಿಂದ ಮುಂದೆ ಬೇರೆ ಬಾಗಿಲುಗಳು ತೆರೆದದ್ದನ್ನು ನೋಡಿದ್ದೇನೆ.

ಕರೆ ಬಂದ ಮೇಲೆ

ಸಂದರ್ಶನಕ್ಕೆ ಹೊರಟಾಗ ಮಾವನವರು ಕೊಟ್ಟ ಬುದ್ಧಿಮಾತು ಇದು: "ಸಾಹೇಬರನ್ನ ಮಾತಾಡಿಸೋ ಮುಂಚೆ ಹೊರಗೆ ಕೂತಿರ್ತಾರಲ್ಲ, ಅವರನ್ನ ನೆಟ್ಟಗೆ ಮಾತಾಡಿಸು." ನಲವತ್ತು ವರ್ಷ ಹೊರಗೆ ಕೂತಿದ್ದವರ ಮಾತು. ನಿಜಕ್ಕೂ ಇಲ್ಲಿ ಚೇಂಬರ್ ಅಂದರೆ ಮೂರ್ನಾಲ್ಕು ಜನ: ಜಡ್ಜ್, ಅವರ ಕಾರ್ಯದರ್ಶಿ, ಕ್ಲರ್ಕ್, ಕೋರ್ಟಿನ ಸಿಬ್ಬಂದಿ ಒಬ್ಬಿಬ್ಬರು. ಅಭ್ಯರ್ಥಿ ಹೊರಟ ಕೂಡಲೇ ಜಡ್ಜ್ ಬಾಗಿಲಿಗೆ ಬಂದು, "ಹೇಗನ್ನಿಸಿತು?" ಅಂತ ಕಾರ್ಯದರ್ಶಿಯನ್ನು ಕೇಳುವುದನ್ನು ನಾನು ಆಮೇಲೆ ಎಷ್ಟು ಸಲ ಕಂಡೆನೋ. ಈಗಿರುವ ಕ್ಲರ್ಕ್ ಜತೆ ಮಾತಾಡುವ ಅವಕಾಶ ಸಿಕ್ಕರೆ ಕೆಲಸದ ಹೊತ್ತು, ಜಡ್ಜ್ ತಿದ್ದುವ ರೀತಿ, ಸಿಟ್ಟು ಇವೆಲ್ಲ ಕೇಳಿ ತಿಳಿದುಕೊಳ್ಳಿ. ಒಂದು ವರ್ಷ ಒಂದೇ ಕೋಣೆಯಲ್ಲಿ ಇರಬೇಕಾದವರು ನೀವು. ಉತ್ತರ ಕೊಡಲು ಹಿಂಜರಿದರೆ, ಆ ಹಿಂಜರಿಕೆಯೇ ಉತ್ತರ.

ಜಡ್ಜ್ ಅಲ್ಲೇ ಕೂತಲ್ಲೇ ಕೆಲಸ ಕೊಟ್ಟರೆ ಏನು ಮಾಡುವುದು? ಯೋಚಿಸಿ ಹೇಳುತ್ತೇನೆ ಎಂದು ವಾರಗಟ್ಟಲೆ ಎಳೆಯುವ ಪದ್ಧತಿ ಇಲ್ಲಿಲ್ಲ. ಒಂದೆರಡು ದಿನ ಕೇಳಬಹುದು, ಅದೂ ನಯವಾಗಿ. ಹಾಗಾಗಿ ಕೊಟ್ಟರೂ ಬೇಡ ಅನ್ನಿಸುವ ಚೇಂಬರಿಗೆ ಸಂದರ್ಶನಕ್ಕೇ ಹೋಗಬೇಡಿ. ಇಷ್ಟದ ನ್ಯಾಯಾಧೀಶರ ಸಂದರ್ಶನ ಮೊದಲು ಬರುವಂತೆ ದಿನ ಹೊಂದಿಸಿಕೊಳ್ಳಿ. ಒಪ್ಪಿಕೊಂಡ ದಿನವೇ ಉಳಿದ ಎಲ್ಲ ಚೇಂಬರುಗಳಿಗೂ ಅರ್ಜಿ ಹಿಂತೆಗೆದುಕೊಂಡ ಪತ್ರ ಕಳಿಸಿ. ಒಪ್ಪಿಕೊಂಡು ಆಮೇಲೆ ಕೈಬಿಟ್ಟರೆ ಆ ಕೌಂಟಿಯ ವಕೀಲರ ವಲಯದಲ್ಲಿ ನಿಮ್ಮ ಹೆಸರು ಬಹಳ ವರ್ಷ ಓಡಾಡುತ್ತದೆ.

ಸಂಬಳ ದೊಡ್ಡ ಫರ್ಮ್‌ನ ಮೊದಲ ವರ್ಷದವರಿಗೆ ಹೋಲಿಸಿದರೆ ಸಣ್ಣದು, ಅದನ್ನು ಮುಚ್ಚಿಡುವುದಿಲ್ಲ. ಫೆಡರಲ್ ವಿದ್ಯಾಸಾಲ ಇರುವವರಿಗೆ ಒಂದು ಸಮಾಧಾನ: ರಾಜ್ಯ ನ್ಯಾಯಾಲಯದಲ್ಲಿ ಪೂರ್ಣಾವಧಿ ದುಡಿದ ತಿಂಗಳುಗಳು ಸಾರ್ವಜನಿಕ ಸೇವೆಯ ಸಾಲಮನ್ನಾಕ್ಕೆ ಬೇಕಾದ 120 ಕಂತುಗಳ ಲೆಕ್ಕಕ್ಕೆ ಸೇರಬಹುದು. ಆದರೆ ಆ ಸಾಲ ಸಿಗುವುದು ಪೌರರಿಗೆ, ಗ್ರೀನ್ ಕಾರ್ಡ್ ಇರುವಂಥವರಿಗೆ; ವೀಸಾದ ಮೇಲಿದ್ದ ನನ್ನದು ಖಾಸಗಿ ಬ್ಯಾಂಕ್ ಸಾಲ, ಅದಕ್ಕೆ ಯಾವ ಮನ್ನಾವೂ ಇಲ್ಲ.

ಸೇರುವ ಮುಂಚೆ ಮಾಡಬೇಕಾದ್ದು ಮೂರು. ವಕೀಲಿಯ ಪರವಾನಗಿಗೆ ಬರೆಯುವ ಬಾರ್ ಪರೀಕ್ಷೆ ಜುಲೈ ಕೊನೆಯ ವಾರ, ಕ್ಲರ್ಕ್ ಕೆಲಸ ಆಗಸ್ಟ್ ಕೊನೆಗೋ ಸೆಪ್ಟೆಂಬರ್‌ಗೋ ಶುರು. ನಡುವಿನ ತಿಂಗಳಲ್ಲಿ ಊರಿಗೆ ಹೋಗಿ ಬರುವ ಆಸೆಯಿದ್ದರೆ ಮೊದಲು ವೀಸಾ ಮುದ್ರೆ ನೋಡಿಕೊಳ್ಳಿ. ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ ರಾಜಕೀಯ ಬರೆಯುವ ಚಟವಿದ್ದರೆ ಈಗಲೇ ನಿಲ್ಲಿಸಿ. ನ್ಯಾಯಾಂಗ ಸಿಬ್ಬಂದಿಗೆ ನಡವಳಿಕೆಯ ಸಂಹಿತೆ ಇದೆ, ಅದು ನಿಮಗೂ ಅನ್ವಯಿಸುತ್ತದೆ. ಗಂಡನ ಕಂಪನಿ, ಅಣ್ಣನ ಕ್ಲಿನಿಕ್, ನೀವು ಮೊದಲು ಕೆಲಸ ಮಾಡಿದ ವಕೀಲರ ಕಚೇರಿ, ಮುಂದೆ ಸೇರಲು ಒಪ್ಪಿಕೊಂಡಿರುವ ಫರ್ಮ್, ಇವುಗಳ ಪಟ್ಟಿಯೊಂದನ್ನು ಟೈಪ್ ಮಾಡಿ ಮೊದಲ ದಿನವೇ ಜಡ್ಜ್ ಕೈಗೆ ಕೊಡಿ. ಅವುಗಳಲ್ಲಿ ಯಾವುದರ ಮೊಕದ್ದಮೆ ಬಂದರೂ ಆ ಕಡತವನ್ನು ನೀವು ಮುಟ್ಟುವಂತಿಲ್ಲ, ಪಕ್ಕದ ಚೇಂಬರಿನ ಕ್ಲರ್ಕ್ ನೋಡುತ್ತಾರೆ.